ಒಂದೇ ಕೋಣೆ, ಎರಡು ಹಳೆ ಜೋಡಿ: ಎಲ್‌ಎಸ್3/5ಎ ಮತ್ತು ಕ್ವಾಡ್ ಇಎಸ್‌ಎಲ್

ಹಾಡುವವರ ದನಿ ಚೆನ್ನಾಗಿ ಕೇಳಬೇಕು ಅಂತ ಹಳೆ ಸ್ಪೀಕರ್ ಹುಡುಕಲು ಹೊರಟರೆ ಈ ಎರಡು ಹೆಸರು ಎದುರಾಗದೇ ಇರುವುದಿಲ್ಲ. ಒಂದು, ಬಿಬಿಸಿಯ ಎಲ್‌ಎಸ್3/5ಎ. ಇನ್ನೊಂದು, ಈಗ ಎಲ್ಲರೂ ಇಎಸ್‌ಎಲ್-57 ಅನ್ನುವ, ಕ್ವಾಡ್ ಕಂಪನಿಯ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್. ಎರಡನ್ನೂ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ. ನಾಲ್ಕು ತಿಂಗಳು ಎರಡೂ ಜೋಡಿ ಒಂದೇ ಕೋಣೆಯಲ್ಲಿದ್ದವು. ಆಂಪ್ಲಿಫೈಯರ್ ಒಂದೇ, ಕ್ವಾಡ್ 303. ರೆಕಾರ್ಡ್‌ಗಳೂ ಅವೇ. ಕೊನೆಗೆ ಒಂದು ಜೋಡಿ ಮಾರಿದೆ.

ಎಲ್‌ಎಸ್3/5ಎ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. 30 ಸೆಂ.ಮೀ. ಎತ್ತರದ ಒಂದು ಪುಟ್ಟ ಮರದ ಡಬ್ಬ. 1970ರ ದಶಕದಲ್ಲಿ ಬಿಬಿಸಿ ಎಂಜಿನಿಯರುಗಳು ಇದನ್ನು ಮಾಡಿದ್ದು ಹೊರಾಂಗಣ ಪ್ರಸಾರದ ವ್ಯಾನುಗಳಿಗೆ. ವ್ಯಾನಿನೊಳಗೆ ಜಾಗ ಕಮ್ಮಿ, ಆದರೆ ಮಾತಾಡುವವರ ದನಿ ಹೇಗಿದೆಯೋ ಹಾಗೇ ಕೇಳಬೇಕು. ಆ ಕೆಲಸಕ್ಕೇ ಹುಟ್ಟಿದ ಸ್ಪೀಕರ್ ಇದು. ರೋಜರ್ಸ್, ಸ್ಪೆಂಡರ್, ಹಾರ್ಬೆತ್, ಹೀಗೆ ಹಲವು ಕಂಪನಿಗಳು ಬಿಬಿಸಿಯಿಂದ ಲೈಸೆನ್ಸ್ ತಗೊಂಡು ಮಾಡಿದವು. ಒಳಗೆ ಸದ್ದು ಹೊರಡಿಸುವ ಡ್ರೈವರ್‌ಗಳು ಮಾತ್ರ ಕೆಇಎಫ್ ಕಂಪನಿಯವು: ಕೆಳಗೆ ತಗ್ಗು ಮತ್ತು ನಡುವಿನ ಸ್ವರಗಳಿಗೆ ಬಿ110, ಮೇಲೆ ಎತ್ತರದ ಸ್ವರಗಳಿಗೆ ಟಿ27 ಅನ್ನುವ ಟ್ವೀಟರ್.

ಕ್ವಾಡ್ ಬೇರೆಯದೇ ಜಾತಿ. ಪೀಟರ್ ವಾಕರ್ ಅವರ ಕಂಪನಿ 1957ರಲ್ಲಿ ಮಾರುಕಟ್ಟೆಗೆ ತಂದಿದ್ದು. ಇದರಲ್ಲಿ ಡಬ್ಬವೇ ಇಲ್ಲ, ಮಾಮೂಲಿ ಸ್ಪೀಕರಿನಲ್ಲಿ ಅದುರಿ ಸದ್ದು ಮಾಡುವ ಕೋನ್ ಇಲ್ಲ. ತೂತು ತೂತಾದ ಎರಡು ತಟ್ಟೆಗಳ ನಡುವೆ ಬಿಗಿದ ತೆಳು ಪ್ಲಾಸ್ಟಿಕ್ ಹಾಳೆ. ಆ ಹಾಳೆಗೆ ಸಾವಿರಾರು ವೋಲ್ಟ್ ಕೊಡಬೇಕು: ತಗ್ಗು ಸ್ವರದ ಬಾಸ್ ಪ್ಯಾನೆಲ್‌ಗೆ 6000, ಎತ್ತರದ ಸ್ವರದ ಟ್ರೆಬಲ್ ಪ್ಯಾನೆಲ್‌ಗೆ 1500. ಅದಕ್ಕೇ ಈ ಸ್ಪೀಕರನ್ನು ಗೋಡೆಯ ಪ್ಲಗ್ಗಿಗೂ ಹಾಕಬೇಕು. ಸುಮಾರು 80 ಸೆಂ.ಮೀ. ಎತ್ತರ, ಅದಕ್ಕಿಂತ ಸ್ವಲ್ಪ ಜಾಸ್ತಿ ಅಗಲ. ದೂರದಿಂದ ನೋಡಿದವರು ರೂಮ್ ಹೀಟರ್ ಅಂದುಕೊಳ್ಳುತ್ತಾರೆ.

ಕೊಳ್ಳುವ ಮುಂಚೆ ಪರೀಕ್ಷೆ ಮಾಡುವ ವಿಷಯದಲ್ಲಿ ಇವೆರಡಕ್ಕೂ ಅಜಗಜಾಂತರ.

ಎಲ್‌ಎಸ್3/5ಎ ಹೇಗಿದೆ ಅಂತ ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ. ನಾನು ಮೊದಲು ನೋಡಿದ ಜೋಡಿ ಹೊರಗಿನಿಂದ ಹೊಸದರ ಹಾಗಿತ್ತು. ಹಿಂಬದಿಯ ಸೀರಿಯಲ್ ನಂಬರ್ ಜೋಡಿಯಾಗಿತ್ತು. ಮಲ್ಟಿಮೀಟರ್ ಹಿಡಿದರೆ ಓಮ್ ಲೆಕ್ಕ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಎರಡರಲ್ಲೂ ಸಮ. ಆದರೆ ಟರ್ಮಿನಲ್‌ಗೆ ಮೀಟರ್ ಹಿಡಿದರೆ ತಿಳಿಯುವುದು ಕೆಳಗಿನ ಡ್ರೈವರ್ ಸಂಗತಿ ಮಾತ್ರ. ಟ್ವೀಟರ್‌ಗೂ ಟರ್ಮಿನಲ್‌ಗೂ ನಡುವೆ ಕೆಪಾಸಿಟರ್ ಕೂತಿರುತ್ತದೆ, ಮೀಟರ್ ಅಲ್ಲಿಗೆ ಮುಟ್ಟುವುದಿಲ್ಲ. ಅದಕ್ಕೆ ಕಿವಿಯೇ ಬೇಕು. ಹಾಗಾಗಿ ಒಬ್ಬರೇ ಓದುವ ಒಂದು ಮೊನೊ (ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು ಬರುವ) ರೆಕಾರ್ಡಿಂಗ್ ಜೊತೆಗೇ ಒಯ್ದಿದ್ದೆ. ಎರಡು ಸ್ಪೀಕರ್ ನಡುವೆ ಸರಿಯಾಗಿ ಕೂತು ಕೇಳಿದೆ. ದನಿ ನಡುವಿನಲ್ಲೇ ನಿಂತಿತ್ತು. ಆದರೆ ‘ಸ’, ‘ಶ’ ಬಂದಾಗೆಲ್ಲ ಆ ಅಕ್ಷರ ಮಾತ್ರ ಎಡಕ್ಕೆ ಜಾರುತ್ತಿತ್ತು. ಮತ್ತೆ ಕೇಳಿದೆ, ಮತ್ತೆ ಎಡಕ್ಕೇ. ಚಾನಲ್ ಅದಲು ಬದಲು ಮಾಡಿದರೂ ಎಡಕ್ಕೇ. ಅಂದರೆ ಎರಡು ಟ್ವೀಟರ್ ಹೊಂದುತ್ತಿಲ್ಲ, ಒಂದು ಸೋತಿದೆ ಇಲ್ಲವೇ ಯಾವತ್ತೋ ಬದಲಾಗಿದೆ. ಕಾರ್ಖಾನೆಯಲ್ಲಿ ಪ್ರತಿ ಜೋಡಿಯನ್ನೂ ತೂಗಿ ಹೊಂದಿಸಿ ಕೊಡುತ್ತಿದ್ದ ಸ್ಪೀಕರ್ ಇದು. ಹಾಗಿದ್ದ ಮೇಲೆ ಈ ಜೋಡಿ ಯಾಕೆ ಬೇಕು? ಕೈ ಮುಗಿದು ಬಂದೆ. ಎರಡನೆಯ ಜೋಡಿಯ ಬಣ್ಣ ಮಾಸಿತ್ತು, ಒಂದು ಮೂಲೆ ಪೆಟ್ಟು ತಿಂದಿತ್ತು. ‘ಸ’ ಮಾತ್ರ ನೆಟ್ಟಗೆ ನಡುವಿನಲ್ಲಿತ್ತು. ಅದನ್ನೇ ತಂದೆ.

ಎಲ್‌ಎಸ್3/5ಎ 15 ಓಮ್‌ನದೋ 11 ಓಮ್‌ನದೋ ಅಂತ ಕೇಳುವವರು ತುಂಬಾ ಜನ. 1980ರ ದಶಕದ ಕೊನೆಯಲ್ಲಿ ಬಂದಿದ್ದು 11 ಓಮ್‌ನದು. ಹಳೆಯ 15ಕ್ಕೆ ಬೇಡಿಕೆ ಜಾಸ್ತಿ. ನನ್ನದು 15. ಸ್ನೇಹಿತರ 11 ಓಮ್ ಜೋಡಿಯನ್ನು ಎರಡು ದಿನ ಪಕ್ಕದಲ್ಲಿಟ್ಟು ಕೇಳಿದೆ. ಬೆಲೆಯಲ್ಲಿ ಇರುವಷ್ಟು ಅಂತರ ದನಿಯಲ್ಲಿಲ್ಲ. ಚೆನ್ನಾಗಿರುವ ಜೋಡಿ ಸಿಕ್ಕರೆ ಓಮ್ ನೋಡಬೇಡಿ.

ಕ್ವಾಡ್ ವಿಷಯದಲ್ಲಿ ನಾನು ಎಡವಿದೆ. ಮಾರುವವರ ಮನೆಯಲ್ಲಿ ಅರ್ಧ ಗಂಟೆ ಕೇಳಿದೆ, ಮನಸೋತೆ, ಗಾಡಿಗೆ ಹಾಕಿಸಿಕೊಂಡು ಬಂದೆ. ಮೂರನೇ ವಾರ ಹಾಡುವವರು ನಡುವಿನಿಂದ ಬಲಕ್ಕೆ ಸರಿಯತೊಡಗಿದರು. ಮೊದಲು ನನ್ನ ಕಿವಿಯದೇ ತಪ್ಪು ಅಂದುಕೊಂಡೆ. ಕೇಬಲ್ ಅದಲು ಬದಲು ಮಾಡಿದೆ. ಆಗಲೂ ಎಡಗಡೆಯ ಸ್ಪೀಕರೇ ಸಣ್ಣಗೆ. ಮಾರಿದವರಿಗೆ ಫೋನ್ ಮಾಡಿದರೆ “ಎರಡು ವರ್ಷ ಸುಮ್ನೆ ಮೂಲೆಯಲ್ಲಿತ್ತು, ಅಷ್ಟೇ” ಅಂದರು. ಆ ಮಾತನ್ನು ಕೊಳ್ಳುವ ದಿನವೇ ಕೇಳಬೇಕಿತ್ತು. ಹೈ ವೋಲ್ಟೇಜ್ ಕೊಡುವ ರೆಕ್ಟಿಫೈಯರ್ ಸೋತಿತ್ತು. ಹಾಳೆಗೆ ಬೇಕಾದಷ್ಟು ವೋಲ್ಟ್ ಸಿಗದಿದ್ದರೆ ದನಿ ಇಳಿಯುತ್ತದೆ. ಈ ಸ್ಪೀಕರ್ ಬಲ್ಲ ಟೆಕ್ನಿಶಿಯನ್ ಒಬ್ಬರು ಅದನ್ನು ಬದಲಿಸಿಕೊಟ್ಟರು. ಪುಣ್ಯಕ್ಕೆ ಪ್ಯಾನೆಲ್‌ಗಳು ಉಳಿದಿದ್ದವು. ನೀವೇ ಬಿಚ್ಚಲು ಮಾತ್ರ ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತದೆ, ಜೀವಕ್ಕೇ ಅಪಾಯ.

ಈಗ ಯಾರಾದರೂ ಇಎಸ್‌ಎಲ್ ನೋಡಲು ಹೊರಟರೆ ನಾನು ಹೇಳುವುದು ಇಷ್ಟು. ಹಿಂದಿನ ದಿನವೇ ಪ್ಲಗ್ಗಿಗೆ ಹಾಕಿಡಲು ಹೇಳಿ. ಒಂದು ಪೂರ್ತಿ ಸಂಜೆ ಕೂರಿ. ಕತ್ತಲಾದ ಮೇಲೆ ದೀಪ ಆರಿಸಿ. ಪ್ಯಾನೆಲ್ ಒಳಗೆ ಟಿಕ್ ಟಿಕ್ ಸದ್ದಿದ್ದರೆ, ನೀಲಿ ಕಿಡಿ ಕಂಡರೆ, ಹೈ ವೋಲ್ಟೇಜ್ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಯಾವ ಆಂಪ್ಲಿಫೈಯರ್ ಜೊತೆ ಇತ್ತು ಅಂತಲೂ ಕೇಳಿ. ಜಾಸ್ತಿ ವೋಲ್ಟ್ ಕೊಟ್ಟರೆ ಟ್ರೆಬಲ್ ಪ್ಯಾನೆಲ್ ಸುಟ್ಟುಹೋಗುತ್ತದೆ. ಕ್ವಾಡ್‌ನದೇ 100 ವಾಟ್‌ನ 405 ಆಂಪ್ಲಿಫೈಯರ್ ಕೂಡ, ವೋಲ್ಟ್‌ಗೆ ಮಿತಿ ಹಾಕುವ ಲಿಮಿಟರ್ ಇಲ್ಲದೆ, ಇದಕ್ಕೆ ಅಪಾಯವೇ. ಮೇಲಿನ ಸ್ವರಗಳಲ್ಲಿ ಇದರ ಇಂಪೀಡೆನ್ಸ್ (ಆಂಪ್ಲಿಫೈಯರ್‌ಗೆ ಸಿಗುವ ತಡೆ) 2 ಓಮ್ ಹತ್ತಿರಕ್ಕೆ ಇಳಿಯುವುದರಿಂದ ಕೆಲವು ಆಂಪ್ಲಿಫೈಯರ್‌ಗಳೂ ಒದ್ದಾಡುತ್ತವೆ.

ಇನ್ನು ದನಿ. ಬಾಸ್ ಬೇಕೆನ್ನುವವರಿಗೆ ಎರಡೂ ಬೇಡ. ಎಲ್‌ಎಸ್3/5ಎ ತಳದ ಸ್ವರ ಕೊಡುವುದಿಲ್ಲ, ಸ್ವಲ್ಪ ಮೇಲಿನ ಸ್ವರಗಳನ್ನು ಒಂಚೂರು ಉಬ್ಬಿಸಿ ಬಾಸ್ ಇದೆ ಅನ್ನಿಸುತ್ತದೆ. ಇಎಸ್‌ಎಲ್ ಇನ್ನೊಂದಿಷ್ಟು ಕೆಳಗಿಳಿಯುತ್ತದೆ, ಆದರೆ ಗುದ್ದು ಇಲ್ಲ. ಎರಡನ್ನೂ ಜೋರಾಗಿ ಹಾಕುವ ಹಾಗಿಲ್ಲ.

ದನಿಗೆ ಬಂದರೆ ಎಲ್‌ಎಸ್3/5ಎ ಹಾಡುವವರನ್ನು ಎರಡು ಡಬ್ಬಗಳ ನಡುವೆ ತಂದು ನಿಲ್ಲಿಸುತ್ತದೆ. ಎಲ್ಲಿ ನಿಂತಿದ್ದಾರೆ ಅಂತ ಬೆರಳು ತೋರಿಸಿ ಹೇಳಬಹುದು. ಎದೆಯಿಂದ ಬರುವ ದನಿಯ ಬಿಸುಪು ಇದರಲ್ಲಿ ಚೆಂದ. ತಿಂಗಳುಗಟ್ಟಲೆ ಕೇಳಿದರೂ ನನಗೆ ಬೇಸರವಾಗಲಿಲ್ಲ. ಆಮೇಲೆ ಇಎಸ್‌ಎಲ್ ಹಾಕಿದರೆ ಡಬ್ಬ ಅನ್ನುವುದೊಂದು ಇತ್ತು ಅಂತ ಅರಿವಾಗುತ್ತದೆ. ನನ್ನ ಹತ್ತಿರ ಒಂದು ಪಿಟೀಲು ರೆಕಾರ್ಡ್ ಇದೆ. ಅದರಲ್ಲಿ ಕಮಾನು ದಿಕ್ಕು ಬದಲಿಸುವ ಕ್ಷಣದಲ್ಲಿ ನುಡಿಸುವವರು ಮೂಗಿನಿಂದ ಉಸಿರು ಎಳೆದುಕೊಳ್ಳುತ್ತಾರೆ. ಎಲ್‌ಎಸ್3/5ಎಯಲ್ಲಿ ಅದು ಒಂದು ಸದ್ದು. ಇಎಸ್‌ಎಲ್‌ನಲ್ಲಿ ಅದು ಉಸಿರು. ಮೊದಲ ಸಲ ಕೇಳಿದಾಗ ಹಿಂದೆ ಯಾರೋ ಬಂದರು ಅಂತ ತಿರುಗಿ ನೋಡಿದ್ದೆ.

ಆದರೆ ಇಎಸ್‌ಎಲ್ ಜಾಗ ಬೇಡುತ್ತದೆ. ಹಿಂದಕ್ಕೂ ಅಷ್ಟೇ ದನಿ ಬಿಡುವುದರಿಂದ ಗೋಡೆಯಿಂದ ಒಂದು ಮೀಟರ್ ಆದರೂ ಮುಂದಿರಬೇಕು. ಒಂದು ಕುರ್ಚಿಯಲ್ಲಿ ಕೂತವರಿಗಷ್ಟೇ ಪೂರ್ತಿ ರುಚಿ. ಧೂಳು, ತೇವ ಎರಡೂ ಆಗದು. ಮಾರಬೇಕೆಂದರೆ ಇನ್ನೂ ಕಷ್ಟ: ಪಾರ್ಸೆಲ್ ಮಾಡಿ ಕಳಿಸಲು ಭಯ, ಕೊಳ್ಳುವವರು ಬಂದೇ ಒಯ್ಯಬೇಕು. ಎಲ್‌ಎಸ್3/5ಎ ಹಾಗಲ್ಲ. ತಂದ ಬೆಲೆಗೇ ಹೋಗುತ್ತದೆ, ಕೆಲವು ಸಲ ಜಾಸ್ತಿಗೂ.

ಹೀಗಿದ್ದೂ ನಾನು ಮಾರಿದ್ದು ಎಲ್‌ಎಸ್3/5ಎಯನ್ನೇ. ಪೆಟ್ಟು ತಿಂದ ಮೂಲೆಯ ಫೋಟೋ ಮೊದಲು ಹಾಕಿದೆ, ಮಿಕ್ಕಿದ್ದು ಆಮೇಲೆ. ಎರಡೇ ದಿನಕ್ಕೆ ಒಬ್ಬರು ಮಲ್ಟಿಮೀಟರ್ ಹಿಡಿದುಕೊಂಡೇ ಬಂದರು. ಅವರಿಗೂ ಅದೇ ಮೊನೊ ರೆಕಾರ್ಡಿಂಗ್ ಹಾಕಿದೆ. ‘ಸ’ ನಡುವಿನಲ್ಲೇ ಇತ್ತು, ಅವರು ತಲೆಯಾಡಿಸಿದರು. “ಇಷ್ಟು ಚೆನ್ನಾಗಿರೋದನ್ನ ಯಾಕೆ ಕೊಡ್ತಿದ್ದೀರಿ?” ಅಂತ ಕೇಳಿದರು. ಅವರನ್ನು ಇಎಸ್‌ಎಲ್ ಮುಂದಿನ ಕುರ್ಚಿಯಲ್ಲಿ ಕೂರಿಸಿ ಪಿಟೀಲಿನ ರೆಕಾರ್ಡ್ ಹಾಕಿದೆ. ಒಂದು ಬದಿ ಪೂರ್ತಿ ಮುಗಿಯುವವರೆಗೆ ಅವರು ಮಾತಾಡಲಿಲ್ಲ. ಹೊರಡುವಾಗ ಎರಡು ಕೈಯಲ್ಲಿ ಎರಡು ಡಬ್ಬ ಹಿಡಿದು ಬಾಗಿಲಲ್ಲಿ ನಿಂತು, “ಅದನ್ನ ಯಾವತ್ತಾದ್ರೂ ಮಾರೋದಾದ್ರೆ ಮೊದಲು ನನಗೇ ಹೇಳಿ” ಅಂದರು. ಅವರ ನಂಬರನ್ನು ರೆಕ್ಟಿಫೈಯರ್ ಬದಲಿಸಿದ ಬಿಲ್ಲಿನ ಹಿಂದೆ ಬರೆದಿಟ್ಟಿದ್ದೇನೆ.