ಇದ್ದಿಲಿನ ಮೇಲ್ಮೈ ಪರೀಕ್ಷೆ: ನಾವು ಪಡೆದ ಸೇವೆಯ ವಿಮರ್ಶೆ

ಗಂಗಾವತಿಯ ಅಕ್ಕಿ ಗಿರಣಿಗಳ ಭತ್ತದ ಹೊಟ್ಟಿನಿಂದಲೂ ನಮ್ಮ ಹಳ್ಳಗಳ ದಂಡೆಯಲ್ಲಿ ತಾನಾಗಿ ಬೆಳೆಯುವ ಬಳ್ಳಾರಿ ಜಾಲಿಯಿಂದಲೂ ಸಕ್ರಿಯ ಇದ್ದಿಲು (ಸೂಕ್ಷ್ಮ ರಂಧ್ರಗಳಲ್ಲಿ ಕಲ್ಮಶ ಹಿಡಿದಿಡುವ ಇದ್ದಿಲು) ತಯಾರಿಸುವ ಸಣ್ಣ ಘಟಕವನ್ನು ನಾವು ಕೊಪ್ಪಳದ ಹತ್ತಿರ ನಡೆಸುತ್ತಿದ್ದೇವೆ. ಎರಡರ ಅಯೋಡಿನ್ ಸಂಖ್ಯೆಯೂ (ಒಂದು ಗ್ರಾಂ ಇದ್ದಿಲು ಎಷ್ಟು ಅಯೋಡಿನ್ ಹೀರುತ್ತದೆ ಎಂಬ ಅಳತೆ) ಹೆಚ್ಚುಕಡಿಮೆ ಒಂದೇ ಆಗಿದ್ದರೂ ನೀರಿನ ವಾಸನೆ ತೆಗೆಯುವುದರಲ್ಲಿ ಜಾಲಿಯ ಇದ್ದಿಲೇ ಸದಾ ಮುಂದಿತ್ತು. ಕಾರಣ ತಿಳಿಯಲೆಂದು ಇನ್ವರ್ಸ್ ಗ್ಯಾಸ್ ಕ್ರೊಮ್ಯಾಟೋಗ್ರಫಿ ಮಾಡಿಕೊಡುವ ಒಂದು ಖಾಸಗಿ ಪ್ರಯೋಗಾಲಯಕ್ಕೆ ಎರಡೂ ಮಾದರಿಗಳನ್ನು ಒಯ್ದೆವು.

ಸಾಮಾನ್ಯ ಕ್ರೊಮ್ಯಾಟೋಗ್ರಫಿಯಲ್ಲಿ ಕಾಲಂ, ಅಂದರೆ ಆವಿ ಹಾದುಹೋಗುವ ಕೊಳವೆ, ಗೊತ್ತಿರುತ್ತದೆ, ಆವಿ ಯಾವುದೆಂದು ಹುಡುಕಬೇಕು. ಇಲ್ಲಿ ಆವಿ ಗೊತ್ತಿರುತ್ತದೆ, ಕಾಲಂನಲ್ಲಿ ತುಂಬಿದ ನಮ್ಮ ಇದ್ದಿಲೇ ಪರೀಕ್ಷೆಗೆ ಒಳಗಾಗುತ್ತದೆ. ತಂತ್ರಜ್ಞರು ಸಣ್ಣ ಕೊಳವೆಗೆ ಪುಡಿಯನ್ನು ತಟ್ಟಿ ತಟ್ಟಿ ತುಂಬಿ, ಎರಡು ತುದಿಗೂ ಗಾಜಿನ ಉಣ್ಣೆ ಇಟ್ಟು, ತೇವ ಹೋಗುವಂತೆ ರಾತ್ರಿಯಿಡೀ ಹೀಲಿಯಂ ಹರಿಸಿ ಕಾಯಿಸಿದ ತಾಳ್ಮೆ ನಮಗೆ ಬಹಳ ಹಿಡಿಸಿತು. ಮರುದಿನ ಕ್ರಮವಾಗಿ ಆರು, ಏಳು, ಎಂಟು ಇಂಗಾಲಗಳ ಸರಪಳಿಯಿರುವ ಹೆಕ್ಸೇನ್, ಹೆಪ್ಟೇನ್, ಆಕ್ಟೇನ್‌ಗಳ ಆವಿಯನ್ನು ಅತ್ಯಲ್ಪ ಪ್ರಮಾಣದಲ್ಲಿ ಬಿಟ್ಟರು. ಸರಪಳಿಗೆ ಒಂದೊಂದು ಇಂಗಾಲ ಸೇರಿದಂತೆ ಆವಿ ಇದ್ದಿಲಿಗೆ ಅಂಟಿಕೊಂಡಿರುವ ಸಮಯ ಹೆಚ್ಚುತ್ತದೆ. ಆ ಏರಿಕೆಯಿಂದ ಮೇಲ್ಮೈ ಶಕ್ತಿಯ ಪ್ರಸರಣ ಅಂಶವನ್ನು (ಎಲ್ಲ ಅಣುಗಳ ನಡುವೆಯೂ ಇರುವ ಸಾಮಾನ್ಯ ಸೆಳೆತದ ಪಾಲನ್ನು) ಲೆಕ್ಕ ಹಾಕುವ ವಿಧಾನವನ್ನು ಡೋರಿಸ್ ಮತ್ತು ಗ್ರೇ ಎಂಬ ವಿಜ್ಞಾನಿಗಳು 1980ರಲ್ಲಿ ಕೊಟ್ಟರು. ನಮ್ಮ ಕಣ್ಣೆದುರೇ ಗ್ರಾಫ್‌ನಲ್ಲಿ ಆಕ್ಟೇನ್‌ನ ಶಿಖರ ಸಪಾಟಾಗಿ, ಬಾಲ ಉದ್ದವಾಗಿ ಎಳೆದುಕೊಂಡಿತು. ಆಗ ಅವರು ಆವಿ ಬೇಗ ಬಿಟ್ಟುಬರಲೆಂದು ಕಾಲಂನ ತಾಪ ಏರಿಸಿ ಮೊದಲಿನಿಂದ ಅಳೆದರು.

ನಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಧ್ರುವೀಯ ಆವಿಗಳ, ಅಂದರೆ ಅಣುವಿನಲ್ಲಿ ವಿದ್ಯುದಂಶ ಒಂದೆಡೆ ವಾಲಿರುವ ಆವಿಗಳ, ಅಳತೆ. ಕ್ಷಾರ ಗುಣದ ಟೆಟ್ರಾಹೈಡ್ರೊಫ್ಯೂರಾನ್ ಹೊಟ್ಟಿನ ಇದ್ದಿಲಿನಲ್ಲಿ ಎದ್ದು ಕಾಣುವಷ್ಟು ಹೆಚ್ಚು ಹೊತ್ತು ನಿಂತಿತು, ಅಂದರೆ ಅದರ ಮೇಲ್ಮೈಯಲ್ಲಿ ಆಮ್ಲೀಯ ತಾಣಗಳು ಹೆಚ್ಚು. ಹೊಟ್ಟಿನ ಬೂದಿಯ ಬಹುಪಾಲು ಸಿಲಿಕಾ ಆಗಿರುವುದರಿಂದ ನಮ್ಮ ಅನುಮಾನ ಅದರ ಮೇಲಿದೆ. ಅಯೋಡಿನ್ ಸಂಖ್ಯೆಯಾಗಲಿ, ಮೈನಸ್ 196 ಡಿಗ್ರಿಯ ನೈಟ್ರೋಜನ್‌ನಿಂದ ವಿಸ್ತೀರ್ಣ ಅಳೆಯುವ ಬಿಇಟಿ ಪರೀಕ್ಷೆಯಾಗಲಿ ಈ ಗುಣಭೇದವನ್ನು ತೋರಿಸುವುದಿಲ್ಲ.

ಕೊರತೆ ಇದ್ದದ್ದು ವರದಿಯಲ್ಲಿ. ಮೇಲ್ಮೈ ಶಕ್ತಿಯ ಅಂಕಿಯನ್ನು ಎರಡು ದಶಮಾಂಶದವರೆಗೆ ಮುದ್ರಿಸಿದ್ದರು, ಆದರೆ ಕಾಲಂನ ತಾಪವನ್ನಾಗಲಿ, ಕೊಳವೆಯ ಖಾಲಿ ಜಾಗವನ್ನು ಲೆಕ್ಕಕ್ಕೆ ಹಿಡಿಯಲು ಬೇಕಾದ ಮೀಥೇನ್‌ನ ಸಮಯವನ್ನಾಗಲಿ ನಮೂದಿಸಿರಲಿಲ್ಲ. ಇಷ್ಟು ಕಡಿಮೆ ಆವಿ ಬಿಟ್ಟಾಗ ಅದು ಅತಿ ಬಲವಾದ ತಾಣಗಳನ್ನೇ ಮೊದಲು ಹಿಡಿಯುತ್ತದೆ, ಸೂಕ್ಷ್ಮ ರಂಧ್ರಗಳಲ್ಲಿ ಎರಡು ಗೋಡೆಗಳ ನಡುವೆ ಸಿಕ್ಕಿ ಅಂಕಿ ಇನ್ನೂ ಏರುತ್ತದೆ ಎಂಬ ಎಚ್ಚರಿಕೆಯ ಮಾತು ವರದಿಯಲ್ಲಿ ಇರಲೇಬೇಕಿತ್ತು. ಮೂರು ಸಲ ಕೇಳಿದ ಮೇಲೆ ಮೂಲ ಗ್ರಾಫ್‌ಗಳನ್ನು ಕಳುಹಿಸಿದರು. ಆದರೂ ಕಾಸ್ಟಿಕ್ ಸೋಡಾದಲ್ಲಿ ತೊಳೆದು ಸಿಲಿಕಾ ಇಳಿಸಿದ ಹೊಟ್ಟಿನ ಇದ್ದಿಲನ್ನು ಅಲ್ಲಿಗೇ ಕೊಡಲು ನಿರ್ಧರಿಸಿದ್ದೇವೆ. ತಾಪ, ಮೀಥೇನ್ ಸಮಯ ಮತ್ತು ಎಲ್ಲ ಗ್ರಾಫ್‌ಗಳೂ ವರದಿಯ ಜೊತೆಗೇ ಬರಬೇಕೆಂದು ಈ ಸಲ ಆರ್ಡರ್‌ನಲ್ಲೇ ಬರೆದಿದ್ದೇವೆ.