ನಾರ್ವೆಲಿ ಕ್ಯಾಂಪರ್‌ವ್ಯಾನ್ ಬಾಡಿಗೆ: 6 ಮೀಟರ್ ಒಳಗಿನ ವ್ಯಾನೇ ತಗೊಳ್ಳಿ

ನೇರವಾಗಿ ಹೇಳ್ಬಿಡ್ತೀನಿ, ಪಶ್ಚಿಮ ನಾರ್ವೆ ನೋಡೋಕೆ ಒಳಗೇ ಅಡುಗೆ ಮಾಡ್ಕೊಂಡು ಮಲಗ್ಬೋದಾದ ಕ್ಯಾಂಪರ್‌ವ್ಯಾನ್‌ಗಿಂತ ಒಳ್ಳೆ ದಾರಿ ನಂಗಂತೂ ಕಾಣ್ಸಲ್ಲ, ಆದ್ರೆ ವ್ಯಾನ್ 6 ಮೀಟರ್ ಒಳಗಿರ್ಲಿ, ಇದೊಂದು ವಿಷ್ಯದಲ್ಲಿ ಬಾಡಿಗೆ ಕಂಪನಿಯೋರು ಎಷ್ಟೇ ಒತ್ತಾಯ ಮಾಡಿದ್ರೂ ಒಪ್ಕೋಬೇಡಿ. ನಾನು, ನನ್ ಹೆಂಡ್ತಿ, ಮಗಳು ಮೂರೇ ಜನ, ಜೂನ್ ಕೊನೇಲಿ ಬೆಂಗ್ಳೂರಿಂದ ಹೋಗಿ ಬರ್ಗನ್ ಏರ್‌ಪೋರ್ಟ್ ಹತ್ರ ಇರೋ ಒಂದು ಬಾಡಿಗೆ ಕಂಪನಿಯಿಂದ ಫಿಯಟ್ ಡುಕಾಟೋ ಮೇಲೆ ಕಟ್ಟಿರೋ ವ್ಯಾನ್ ತಗೊಂಡ್ವಿ, ಉದ್ದ 5.99 ಮೀಟರ್. ಡೆಸ್ಕಲ್ಲಿದ್ದೋರು ಸ್ವಲ್ಪ ದುಡ್ಡು ಜಾಸ್ತಿ ಕೊಟ್ರೆ 7 ಮೀಟರ್ ಮೋಟರ್‌ಹೋಮ್ ಇದೆ, ಒಳಗೆ ಆರಾಮಾಗಿ ಓಡಾಡ್ಬೋದು ಅಂತ ಎರಡ್ಮೂರು ಸಲ ಹೇಳಿದ್ರು, ನಾವು ಬೇಡ ಅಂದ್ವಿ.

ಈ 5.99 ಅನ್ನೋ ಲೆಕ್ಕ ಸುಮ್ನೆ ಬಂದಿದ್ದಲ್ಲ. ಆ ಕಡೆ ರಸ್ತೆ ಅಲ್ಲಲ್ಲಿ ಫ್ಯೋರ್ಡ್ (ಬೆಟ್ಟಗಳ ಮಧ್ಯ ಒಳಕ್ಕೆ ಚಾಚಿರೋ ಸಮುದ್ರ) ದಡಕ್ಕೆ ಬಂದು ನಿಂತೋಗತ್ತೆ, ಅಲ್ಲಿಂದ ಮುಂದೆ ಫೆರಿ. ಫೆರಿ ರೇಟ್ ಗಾಡಿ ಉದ್ದದ ಮೇಲೆ, 6 ಮೀಟರ್ ವರೆಗೂ ಕಾರ್ ರೇಟು, ಅದು ದಾಟಿದ್ರೆ ಮೇಲಿನ ಸ್ಲ್ಯಾಬು. ಒಂದೇ ಫೆರಿ ಆದ್ರೆ ಪರ್ವಾಗಿಲ್ಲ ಬಿಡಿ, ಆದ್ರೆ ಹೋಗ್ತಾ ಬರ್ತಾ ಎಷ್ಟೋ ಫೆರಿ ಹತ್ತಿ ಇಳಿತೀವಿ. ದುಡ್ಡಿಗಿಂತ ಮುಖ್ಯ ಅಂದ್ರೆ ರಸ್ತೆ. ಹಾರ್ಡಾಂಗರ್ ಕಡೆ ಎಷ್ಟೋ ಜಾಗದಲ್ಲಿ ಒಂದ್ಕಡೆ ಬಂಡೆ, ಇನ್ನೊಂದ್ಕಡೆ ನೀರು, ಮಧ್ಯ ಒಂದೂವರೆ ಗಾಡಿ ಹೋಗೋಷ್ಟು ಟಾರು, ಎದುರಿಗೆ ಟೂರಿಸ್ಟ್ ಬಸ್ ಬಂದ್ರೆ ಒಬ್ರು ರಿವರ್ಸ್ ಹೋಗ್ಲೇಬೇಕು. ಅದಕ್ಕೇ ಅಂತ ನೀಲಿ ಬೋರ್ಡ್ ಮೇಲೆ ಬಿಳಿ ಎಮ್ ಅಕ್ಷರ ಇರೋ ಜಾಗ ಬಿಟ್ಟಿರ್ತಾರೆ, ಅಲ್ಲಿ ಸೈಡಿಗೆ ಹಾಕ್ಕೊಂಡು ದಾರಿ ಬಿಡೋದು. ನಮ್ ವ್ಯಾನ್ ಅಲ್ಲಿ ಸಲೀಸಾಗಿ ನುಗ್ತಿತ್ತು, ದೊಡ್ಡ ಮೋಟರ್‌ಹೋಮ್‌ನೋರು ಹಿಂದೆ ಒಬ್ರು ಇಳಿದು ನಿಂತು ಕೈ ತೋರಿಸಿ ರಿವರ್ಸ್ ತಗೋತಿದ್ದಿದ್ದು ಕಣ್ಣಾರೆ ನೋಡಿದ್ವಿ.

ಈಗ ವ್ಯಾನ್ ಒಳಗೆ ಏನಿತ್ತು ಅಂತ ಹೇಳ್ತೀನಿ. ಹಿಂದೆ ಅಡ್ಡಕ್ಕೆ ಇಬ್ರಿಗೆ ಮಂಚ, ಮುಂದಿನ ಎರಡು ಸೀಟ್ ಹಿಂದಕ್ಕೆ ತಿರುಗತ್ತೆ, ಟೇಬಲ್ ಇಳಿಸಿ ಮೇಲೆ ಕುಶನ್ ಹಾಕಿದ್ರೆ ಮಗಳಿಗೆ ಹಾಸಿಗೆ. ಎರಡು ಬರ್ನರ್ ಗ್ಯಾಸ್ ಸ್ಟವ್, ಸಣ್ಣ ಸಿಂಕ್, ಫ್ರಿಜ್ಜು, ಕ್ಯಾಸೆಟ್ ಟಾಯ್ಲೆಟ್ (ಕೆಳಗಿನ ಡಬ್ಬಿ ಎಳೆದು ನಾವೇ ಖಾಲಿ ಮಾಡೋದು), ಡೀಸೆಲ್ ಹೀಟರ್. ಈ ಹೀಟರ್ ಬಗ್ಗೆ ಒಂದ್ ಮಾತು, ಇದು ಗಾಡಿ ಟ್ಯಾಂಕಿಂದಾನೇ ಡೀಸೆಲ್ ಎಳ್ಕೊಳ್ಳತ್ತೆ, ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಹೋದ್ರೆ ಹೀಟರ್ ನಿಂತೋಗತ್ತೆ, ಗಾಡಿ ಓಡೋಕೆ ಡೀಸೆಲ್ ಉಳೀಲಿ ಅಂತ ಹಾಗೆ ಮಾಡಿರ್ತಾರೆ. ಬೆಟ್ಟದ ಮೇಲೆ ಮಲಗೋ ದಿನ ಸಾಯಂಕಾಲಾನೇ ಟ್ಯಾಂಕ್ ತುಂಬಿಸ್ಕೊಳ್ಳಿ, ಜೂನ್ ಅಲ್ವಾ ಅಂತ ಅನ್ಕೋಬೇಡಿ, ಮೇಲ್ಗಡೆ ರಾತ್ರಿ ಕೈ ಮರಗಟ್ಟೋಷ್ಟು ಚಳಿ.

ಹ್ಯಾಂಡೋವರ್ ಬಗ್ಗೆ ನಂಗೆ ಸಮಾಧಾನ ಇಲ್ಲ. ಇಷ್ಟೆಲ್ಲ ಸಲಕರಣೆ ಇರೋ ಗಾಡೀನ ಅರ್ಧ ಗಂಟೇಲಿ ತೋರಿಸಿ ಕೀ ಕೈಗೆ ಕೊಟ್ಟು ಕಳಿಸಿದ್ರು. ಹೀಟರ್ ಮ್ಯಾನ್ಯುಅಲ್ ಬರೀ ನಾರ್ವೇಜಿಯನ್ ಭಾಷೇಲಿ ಇತ್ತು, ಪಕ್ಕದ ಕಿಟಕಿಯ ಕಪ್ಪು ಪರದೆಗೆ ಒಂದು ಮ್ಯಾಗ್ನೆಟ್ ಇರ್ಲಿಲ್ಲ. ಪರದೆ ಅಂದ್ರೆ ಸಣ್ಣ ವಿಷ್ಯ ಅನ್ಸ್‌ಬೋದು, ಆದ್ರೆ ಆ ಟೈಮಲ್ಲಿ ಅಲ್ಲಿ ರಾತ್ರಿ ಪೂರ್ತಿ ಕತ್ತಲೇ ಆಗಲ್ಲ, ಹನ್ನೆರಡು ಗಂಟೆಗೂ ಆಚೆ ಮುಸ್ಸಂಜೆ ಥರ ಬೆಳಕು, ಒಂದು ಸಂದಿ ಇದ್ರೆ ಸಾಕು ಮಕ್ಳು ನಾಲ್ಕು ಗಂಟೆಗೆ ಎದ್ದು ಕೂತ್ಕೊಳ್ಳತ್ವೆ. ನಾವು ಅಲ್ಲಿ ಟವೆಲ್ ಸಿಗಿಸಿ ಮ್ಯಾನೇಜ್ ಮಾಡಿದ್ವಿ. ಗಾಡಿ ತಗೊಳ್ಳೋವಾಗ ಪ್ರತಿ ಪರದೆ ಹಾಕಿ ನೋಡಿ, ಸ್ಟವ್ ಹಚ್ಚಿಸಿ ನೋಡಿ, ನೀರಿನ ಪಂಪ್ ಆನ್ ಮಾಡಿಸಿ, ಬೇಸಿಗೆ ಆದ್ರೂ ಹೀಟರ್ ಹಾಕಿಸಿ, ಆಮೇಲೆ ಸೈನ್ ಮಾಡಿ. ಗಾಡಿ ಸುತ್ತ ವಿಡಿಯೋ ತಗೊಳ್ಳಿ, ಛಾವಣಿ ಅಂಚು ಮತ್ತೆ ಮುಂದಿನ ಗ್ಲಾಸ್ ಸೇರಿಸಿ, ಯಾಕಂದ್ರೆ ಇನ್ಶೂರೆನ್ಸ್‌ಲಿ ಛಾವಣಿ ಡ್ಯಾಮೇಜ್‌ನ ಎಷ್ಟೋ ಸಲ ಹೊರಗಿಟ್ಟಿರ್ತಾರೆ.

ಪ್ಲಾನಿಂಗ್‌ಗೆ ಬಂದ್ರೆ, ಮ್ಯಾಪಲ್ಲಿ ಕಾಣೋ ಕಿಲೋಮೀಟರ್ ನಂಬ್ಕೊಂಡು ದಿನ ಹಂಚ್ಬೇಡಿ. ಊರಾಚೆ ಸಾಮಾನ್ಯ ಸ್ಪೀಡ್ ಲಿಮಿಟ್ಟೇ 80, ಊರೊಳಗೆ 50, ಘಾಟಿಲಿ ಅದೂ ಆಗಲ್ಲ, ಮಧ್ಯ ಫೆರಿಗೆ ಕಾಯ್ಬೇಕು, ದಂಡ ಅಂತೂ ನಮ್ ರೂಪಾಯಿಲಿ ಲೆಕ್ಕ ಹಾಕಿದ್ರೆ ಎದೆ ಧಸಕ್ ಅನ್ನತ್ತೆ. ದಿನಕ್ಕೆ ನೂರು ನೂರೈವತ್ತು ಕಿಲೋಮೀಟರ್ ಇಟ್ಕೊಂಡ್ರೆ ನಿಲ್ಲಿಸ್ಬೇಕು ಅನ್ಸಿದ ಕಡೆ ನಿಲ್ಲಿಸ್ಬೋದು, ಕ್ಯಾಂಪರ್‌ವ್ಯಾನ್ ತಗೊಳ್ಳೋದೇ ಅದಕ್ಕೆ ಅಲ್ವಾ.

ಅಲ್ಲಿನ ಸರ್ಕಾರ 18 ರಸ್ತೆಗಳನ್ನ ನ್ಯಾಷನಲ್ ಟೂರಿಸ್ಟ್ ರೂಟ್ ಅಂತ ಗುರ್ತು ಮಾಡಿ ನೋಡೋ ಜಾಗ, ಟಾಯ್ಲೆಟ್ಟು, ಪಾರ್ಕಿಂಗ್ ಎಲ್ಲ ಕಟ್ಟಿದೆ, ನಿಮ್ಮ ಪ್ಲಾನ್‌ನ ಅದರ ಮೇಲೇ ಕಟ್ಕೊಳ್ಳಿ. ನಮ್ದು ಬರ್ಗನ್, ಹಾರ್ಡಾಂಗರ್, ಫ್ಲೋಮ್, ಔರ್‌ಲ್ಯಾಂಡ್, ಸೋಗ್ನೆಫ್ಯೆಲ್, ಲೋಮ್, ಗೈರಾಂಗರ್, ಟ್ರೋಲ್‌ಸ್ಟಿಗೆನ್, ಆಮೇಲೆ ಕರಾವಳಿ ಕಡೆಯ ಇ39 ಹೈವೇಲಿ ವಾಪಸ್ ಬರ್ಗನ್. ಸ್ಟೈನ್ಸ್‌ಡಾಲ್ಸ್‌ಫಾಸ್ ಅಂತ ಒಂದು ಜಲಪಾತ ಇದೆ, ನೀರಿನ ಹಿಂದೇನೇ ನಡ್ಕೊಂಡು ಹೋಗ್ಬೋದು, ಮಕ್ಳಿದ್ರೆ ಬಿಡ್ಬೇಡಿ. ವೋರಿಂಗ್ಸ್‌ಫಾಸ್‌ಲಿ 2020ರಲ್ಲಿ ಕಟ್ಟಿರೋ ಮೆಟ್ಟಿಲು ಸೇತುವೆ ಮೇಲೆ ನಿಂತ್ರೆ ನೇರ ಕಾಲ್ ಕೆಳಗೆ ನೀರು ಬೀಳತ್ತೆ, 182 ಮೀಟರ್, ಎತ್ತರದ ಭಯ ಇರೋರು ಈ ಕಡೇನೇ ನಿಂತ್ಕೊಳ್ಳಿ, ಇಲ್ಲಿಂದ್ಲೂ ಚೆನ್ನಾಗೇ ಕಾಣತ್ತೆ.

ನಂಗೆ ಎಲ್ಲಕ್ಕಿಂತ ಹಿಡಿಸಿದ್ದು ಔರ್‌ಲ್ಯಾಂಡ್‌ನಿಂದ ಲಾರ್ಡಾಲ್‌ಗೆ ಹೋಗೋ ದಾರಿ. ಇಲ್ಲಿ ಎರಡು ಆಯ್ಕೆ. ಒಂದು 24.5 ಕಿಲೋಮೀಟರ್ ಸುರಂಗ, 2000ನೇ ಇಸ್ವೀಲಿ ಶುರುವಾಗಿದ್ದು, ಪ್ರಪಂಚದಲ್ಲೇ ಅತಿ ಉದ್ದದ ರಸ್ತೆ ಸುರಂಗ, ಡ್ರೈವರ್‌ಗಳಿಗೆ ನಿದ್ದೆ ಮಂಪರು ಬರ್ಬಾರ್ದು ಅಂತ ಒಳಗೆ ಮೂರು ಕಡೆ ಗುಹೆ ಥರ ಅಗಲ ಮಾಡಿ ನೀಲಿ ಲೈಟ್ ಹಾಕಿದಾರೆ. ಇನ್ನೊಂದು ಅದೇ ಬೆಟ್ಟದ ಮೇಲಿಂದ ಹೋಗೋ 47 ಕಿಲೋಮೀಟರ್ ಹಳೇ ರಸ್ತೆ, ಅಲ್ಲಿನೋರು ಹಿಮದ ರಸ್ತೆ ಅಂತಾನೇ ಕರೀತಾರೆ, ಚಳಿಗಾಲ ಪೂರ್ತಿ ಮುಚ್ಚಿರತ್ತೆ, 1306 ಮೀಟರ್ ವರೆಗೂ ಹತ್ತತ್ತೆ. ನಾವು ಮೇಲಿನ ದಾರಿ ಹಿಡಿದ್ವಿ. ಫ್ಯೋರ್ಡ್ ದಡದಿಂದ ಸೆಕೆಂಡ್ ಗೇರಲ್ಲಿ ಹತ್ತುತ್ತಾ ಹೋದ್ರೆ ಮೊದ್ಲು ಸ್ಟೆಗಾಸ್ಟೈನ್ ಸಿಗತ್ತೆ, ಬೆಟ್ಟದಿಂದ 30 ಮೀಟರ್ ಆಚೆ ಚಾಚಿರೋ ಮರದ ಅಟ್ಟ, ತುದೀಲಿ ಮರ ಕೆಳಕ್ಕೆ ಬಾಗಿ ಇಳಿಯತ್ತೆ, ಅಡ್ಡ ಇರೋದು ಬರೀ ಒಂದು ಗಾಜು, 650 ಮೀಟರ್ ಕೆಳಗೆ ಫ್ಯೋರ್ಡ್, ಅದರಲ್ಲಿ ಹೋಗ್ತಿರೋ ದೊಡ್ಡ ಹಡಗು ಬೆರಳುದ್ದ ಕಾಣತ್ತೆ. ಮಗಳು ಗಾಜಿಗೆ ಮೂಗು ಒತ್ಕೊಂಡು ನಿಂತಿದ್ದೋಳು ಎಷ್ಟು ಕರೆದ್ರೂ ಬರ್ಲಿಲ್ಲ. ಅಲ್ಲಿಂದ ಮೇಲೆ ಮರ ಎಲ್ಲ ಖಾಲಿ, ರಸ್ತೆ ಪಕ್ಕ ನಮ್ ವ್ಯಾನ್ ಎತ್ತರಕ್ಕೆ ಹಿಮದ ಗೋಡೆ, ಕೈ ಆಚೆ ಹಾಕಿದ್ರೆ ಸಿಗೋ ಅಷ್ಟು ಹತ್ರ, ಅದರಿಂದ ಸೋರೋ ನೀರು ರಸ್ತೆ ಅಡ್ಡ ಹರೀತಿತ್ತು. 7 ಮೀಟರ್ ಗಾಡೀಲಿ ಈ ರಸ್ತೆಗೆ ಹೋಗೋಕೆ ನಂಗೆ ಧೈರ್ಯ ಬರ್ತಿರ್ಲಿಲ್ಲ, ಸುರಂಗಾನೇ ಹಿಡೀಬೇಕಿತ್ತು, ಆಗ ಇದ್ಯಾವ್ದೂ ಇಲ್ಲ.

ಸೋಗ್ನೆಫ್ಯೆಲ್ ಇನ್ನೂ ಎತ್ತರ, 1434 ಮೀಟರ್, ಉತ್ತರ ಯುರೋಪ್‌ನ ಅತಿ ಎತ್ತರದ ಘಾಟಿ ರಸ್ತೆ ಅದೇ. ಇಳಿಯೋವಾಗ ಬರೀ ಬ್ರೇಕ್ ಮೇಲೆ ಇಳೀಬೇಡಿ, ಲೋ ಗೇರಲ್ಲಿ ಇಳೀರಿ, ಮೂರು ಟನ್ ಗಾಡಿ ಅದು. ಗೈರಾಂಗರ್ ಫ್ಯೋರ್ಡ್ 2005ರಿಂದ ಯುನೆಸ್ಕೋ ಪಟ್ಟೀಲಿದೆ, ಚಂದಾನೂ ಇದೆ, ಆದ್ರೆ ಕ್ರೂಸ್ ಹಡಗು ಬಂದ ದಿನ ಊರಲ್ಲಿ ಕಾಲಿಡೋಕೆ ಜಾಗ ಇರಲ್ಲ, ಬೆಳಿಗ್ಗೆ ಬೇಗ ಹೋಗಿ ಮೇಲ್ಗಡೆ ಈಗಲ್ ರೋಡ್‌ನಿಂದ ನೋಡ್ಕೊಂಡು ಮುಂದಕ್ಕೆ ಹೊರಡಿ. ಟ್ರೋಲ್‌ಸ್ಟಿಗೆನ್ 1936ರ ರಸ್ತೆ, 11 ಹೇರ್‌ಪಿನ್ನು, ಆಗುಂಬೆ ಘಾಟಿ ಓಡಿಸಿರೋರಿಗೆ ತಿರುವು ಹೊಸದೇನಲ್ಲ, ಆದ್ರೆ ಸ್ಟಿಯರಿಂಗ್ ಎಡಕ್ಕೆ, ಗಾಡಿ ಓಡಿಸೋದು ರಸ್ತೆ ಬಲಕ್ಕೆ ಅನ್ನೋದು ನೆನಪಿರ್ಲಿ. 2024ರ ಬೇಸಿಗೇಲಿ ಬಂಡೆ ಉರುಳ್ತಿದೆ ಅಂತ ಇದನ್ನ ಮುಚ್ಚಿದ್ರು, ಹಾಗಾಗಿ ಪ್ಲಾನ್ ಬಿ ಇಲ್ದೆ ಹೋಗ್ಬೇಡಿ. ಮೇಲಿನ ರಸ್ತೆಗಳು ಯಾವ್ದು ಓಪನ್ ಯಾವ್ದು ಇಲ್ಲ ಅನ್ನೋದನ್ನ ಅಲ್ಲಿನ ರಸ್ತೆ ಇಲಾಖೆ ವೆಬ್‌ಸೈಟಲ್ಲಿ ದಿನಾ ಹಾಕ್ತಾರೆ, ಬೆಳಿಗ್ಗೆ ಕಾಫಿ ಜೊತೆ ಅದನ್ನ ನೋಡೋದು ನಮಗೆ ರೂಢಿ ಆಗೋಗಿತ್ತು.

ಊಟದ ವಿಷ್ಯ. ನಾವು ಹೋದಾಗ ಅಲ್ಲಿನ ಒಂದು ಕ್ರೋನರ್ ನಮ್ಮ ಎಂಟು ಒಂಬತ್ತು ರೂಪಾಯಿ ಇತ್ತು, ಹೋಟೆಲಲ್ಲಿ ಮೂರು ಜನ ಕೂತು ತಿಂದ್ರೆ ಬಿಲ್ ನೋಡೋಕಾಗಲ್ಲ, ವ್ಯಾನ್ ಬಾಡಿಗೆ ದುಬಾರಿ ಅನ್ಸಿದ್ರೂ ಅಡುಗೆ ಮತ್ತೆ ಮಲಗೋದು ಎರಡೂ ಅದರಲ್ಲೇ ಮುಗಿಯೋದ್ರಿಂದ ಲೆಕ್ಕ ಸರಿಹೋಗತ್ತೆ. ಅವಲಕ್ಕಿ, ರವೆ, ಬೇಳೆ, ಸಾರಿನಪುಡಿ, ಚಟ್ನಿಪುಡಿ, ಮೂರು ಲೀಟರ್ ಕುಕ್ಕರ್ ಇಲ್ಲಿಂದಾನೇ ತಗೊಂಡ್ಹೋದ್ವಿ. ತುಪ್ಪ ಮಾತ್ರ ಒಯ್ಯೋಕಾಗಲ್ಲ, ಯುರೋಪಿನ ಆಚೆಯಿಂದ ಹಾಲಿನ ಪದಾರ್ಥ ತರೋಕೆ ಬಿಡಲ್ಲ. ರೆಮಾ 1000 ಅಂಗಡೀಲಿ ಬೆಣ್ಣೆ ತಂದು ವ್ಯಾನಲ್ಲೇ ಕಾಯಿಸಿದ್ವಿ, ಬೆಣ್ಣೆ ಎಷ್ಟು ಚೆನ್ನಾಗಿತ್ತು ಅಂದ್ರೆ ಮರಳು ಮರಳಾದ ತುಪ್ಪ ಬಂತು, ಅದನ್ನ ಹಾಕ್ಕೊಂಡು ಬಿಸಿ ಅನ್ನ ಸಾರು, ಆಚೆ ಮಳೆ. ಒಗ್ಗರಣೆ ಹಾಕೋವಾಗ ಪಕ್ಕದ ಬಾಗಿಲು ಪೂರ್ತಿ ತೆಗೀರಿ, ಇಲ್ಲಾಂದ್ರೆ ಇಂಗು ಸಾಸಿವೆ ಘಾಟು ಹಾಸಿಗೆಗೆ ಹತ್ತಿ ಎರಡು ದಿನ ಹೋಗಲ್ಲ, ಕೆಲವು ಕಂಪನಿ ಅದಕ್ಕೂ ಕ್ಲೀನಿಂಗ್ ಚಾರ್ಜ್ ಹಾಕ್ತಾರೆ. ಭಾನುವಾರ ದೊಡ್ಡ ಸೂಪರ್‌ಮಾರ್ಕೆಟ್ ಮುಚ್ಚಿರತ್ವೆ, ಶನಿವಾರಾನೇ ಸಾಮಾನು ತಗೊಳ್ಳಿ. ನಲ್ಲಿ ನೀರು ಹಾಗೇ ಕುಡೀಬೋದು.

ಮಲಗೋಕೆ ಎಲ್ಲಿ ಬೇಕಾದ್ರೂ ನಿಲ್ಲಿಸ್ಬೋದು, ಅಲ್ಲಿ ಕಾನೂನೇ ಹಾಗಿದೆ ಅಂತ ತುಂಬಾ ಜನ ಹೇಳ್ತಾರೆ, ಅದು ಅರ್ಧ ಸತ್ಯ. ಬಯಲಲ್ಲಿ ಎಲ್ರೂ ಓಡಾಡ್ಬೋದು, ಮನೆಗಳಿಂದ 150 ಮೀಟರ್ ದೂರ ಟೆಂಟ್ ಹಾಕ್ಬೋದು ಅನ್ನೋ ಹಕ್ಕು 1957ರ ಕಾನೂನಲ್ಲಿದೆ ನಿಜ, ಆದ್ರೆ ಅದನ್ನ ಇಟ್ಕೊಂಡು ಗಾಡೀನ ರಸ್ತೆ ಬಿಟ್ಟು ಹುಲ್ಲಿಗೆ ಇಳಿಸೋ ಹಾಗಿಲ್ಲ, ಕ್ಯಾಂಪಿಂಗ್ ಬೇಡ ಅಂತ ಬೋರ್ಡ್ ಇರೋ ಪಾರ್ಕಿಂಗ್‌ಲೂ ಇರೋ ಹಾಗಿಲ್ಲ. ಹಳ್ಳಿ ಜನಕ್ಕೆ ವ್ಯಾನ್‌ನೋರ ಮೇಲೆ ಈಗ್ಲೇ ಬೇಜಾರಿದೆ, ಕಂಡಲ್ಲಿ ನಿಲ್ಲಿಸಿ ಕಸ ಬಿಟ್ಟು ಹೋಗೋದ್ರಿಂದ, ದಯವಿಟ್ಟು ಅದಕ್ಕೆ ನಾವೂ ಸೇರ್ಕೊಳ್ಳೋದು ಬೇಡ. ನಾವು ಹೆಚ್ಚಾಗಿ ಕ್ಯಾಂಪ್‌ಸೈಟಲ್ಲೇ ಉಳಿದಿದ್ದು, ನಮಗೆ ಸಿಕ್ಕಿದ್ದೆಲ್ಲ ಕರೆಂಟ್ ಸೇರಿ 350ರಿಂದ 500 ಕ್ರೋನರ್ ಒಳಗಿತ್ತು. ಬಿಸಿನೀರು, ಅಡುಗೆಮನೆ, ವಾಷಿಂಗ್ ಮಷಿನ್ ಎಲ್ಲ ಇರತ್ತೆ, ಟಾಯ್ಲೆಟ್ ಕ್ಯಾಸೆಟ್ ಖಾಲಿ ಮಾಡೋ ಜಾಗಾನೂ ಅಲ್ಲೇ. ಕರೆಂಟ್ ಪಾಯಿಂಟ್ ಎಷ್ಟೋ ಕಡೆ 10 ಆಂಪ್ಸ್, ಅಂದ್ರೆ ಇಂಡಕ್ಷನ್ ಒಲೆ ಮತ್ತೆ ಕೆಟಲ್ ಒಟ್ಟಿಗೆ ಹಾಕಿದ್ರೆ ಟ್ರಿಪ್ ಆಗತ್ತೆ, ಒಂದಾದ್ಮೇಲೆ ಒಂದು.

ಕಾಗದ ಪತ್ರ: ಷೆಂಗೆನ್ ವೀಸಾ ಬೇಕು, ನಮ್ ಫೈಲಲ್ಲಿ ಹೋಟೆಲ್ ಬುಕಿಂಗ್ ಬದ್ಲು ವ್ಯಾನ್ ಅಗ್ರಿಮೆಂಟು ಮತ್ತೆ ಕ್ಯಾಂಪ್‌ಸೈಟ್ ಬುಕಿಂಗ್ ಇಟ್ವಿ, ಅಷ್ಟು ಸಾಕಾಯ್ತು. ಆರ್‌ಟಿಓದಲ್ಲಿ ಐಡಿಪಿ, ಅಂದ್ರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಳ್ಳಿ, ಒರಿಜಿನಲ್ ಡಿಎಲ್ ಕೂಡ ಜೊತೇಲಿರ್ಲಿ. ಡೆಪಾಸಿಟ್‌ಗೆ ನಮ್ ಕಂಪನಿ ಕ್ರೆಡಿಟ್ ಕಾರ್ಡೇ ಬೇಕು ಅಂತು, ಅದೂ ಓಡಿಸೋರ ಹೆಸರಲ್ಲೇ.

ಇನ್ನು ನನ್ನ ದೊಡ್ಡ ತಕರಾರು. ಟೋಲ್‌ಗೂ ಫೆರಿಗೂ ಅಲ್ಲಿ ನಿಂತು ದುಡ್ಡು ಕೊಡೋ ಪದ್ಧತಿ ಹೆಚ್ಚುಕಮ್ಮಿ ಹೋಗಿದೆ, ಕ್ಯಾಮೆರಾ ನಂಬರ್ ಪ್ಲೇಟ್ ಓದತ್ತೆ, ಬಿಲ್ ಗಾಡಿ ಓನರ್‌ಗೆ ಹೋಗತ್ತೆ. ವ್ಯವಸ್ಥೆ ತುಂಬಾ ಚೆನ್ನಾಗಿದೆ. ಆದ್ರೆ ನಾವು ವಾಪಸ್ ಬಂದು ಎಷ್ಟೋ ವಾರ ಆದ್ಮೇಲೆ ಬಾಡಿಗೆ ಕಂಪನಿ ಕಾರ್ಡಿಂದ ದುಡ್ಡು ಕಟ್ ಮಾಡ್ತು, ಟೋಲ್ ದುಡ್ಡಿನ ಮೇಲೆ ಪ್ರತಿ ಬಿಲ್ಲಿಗೆ ಅಡ್ಮಿನ್ ಫೀ ಬೇರೆ. ಅಗ್ರಿಮೆಂಟಲ್ಲಿ ಟೋಲ್ ಆಮೇಲೆ ಅಂತ ಇತ್ತು, ಈ ಫೀ ಎಷ್ಟು ಅಂತ ಎಲ್ಲೂ ಇರ್ಲಿಲ್ಲ. ಮೇಲ್ ಮಾಡಿ ಕೇಳಿದ್ಮೇಲೆ ಸ್ವಲ್ಪ ವಾಪಸ್ ಕೊಟ್ರು, ಆದ್ರೆ ಗ್ರಾಹಕರು ಕೇಳಿದ್ರೆ ಮಾತ್ರ ಕೊಡೋದು ಸರಿ ಅಲ್ಲ.

ಗಾಡಿ ಕಂಡೀಷನ್‌ಗೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಇಂಜಿನ್, ಟೈರ್, ಬ್ರೇಕ್ ಎಲ್ಲೂ ಕೈ ಕೊಡ್ಲಿಲ್ಲ. ಕಂಪನಿ ಸರ್ವಿಸ್‌ಗೆ ಎರಡೂವರೆ. ರಸ್ತೆಗೆ ಎಷ್ಟ್ ಕೊಟ್ರೂ ಕಮ್ಮಿ. ಬುಕ್ ಮಾಡೋರು ಜನವರಿ ಫೆಬ್ರವರೀಲೇ ನೋಡ್ಕೊಳ್ಳಿ, ಈ ಸೈಜಿನ ವ್ಯಾನ್ ಮೊದ್ಲು ಖಾಲಿ ಆಗತ್ವೆ, ಉಳಿಯೋದು ದೊಡ್ಡವು. ದುಡ್ಡು ಕಟ್ಟೋ ಮುಂಚೆ ಮೂರು ವಿಷ್ಯಾನ ಮೇಲಲ್ಲಿ ಬರೆಸ್ಕೊಳ್ಳಿ: ವ್ಯಾನ್ ಉದ್ದ ಸೈಕಲ್ ಸ್ಟ್ಯಾಂಡ್ ಸೇರಿ ಎಷ್ಟು, ಟೋಲ್ ಬಿಲ್ಲಿಗೆ ಅಡ್ಮಿನ್ ಫೀ ಎಷ್ಟು, ವಾಪಸ್ ಕೊಡೋವಾಗ ಟಾಯ್ಲೆಟ್ ಮತ್ತೆ ನೀರಿನ ಟ್ಯಾಂಕ್ ಯಾರು ಖಾಲಿ ಮಾಡ್ಬೇಕು. ಸೈಕಲ್ ಸ್ಟ್ಯಾಂಡ್ ಅಂತ ಯಾಕಂದ್ರೆ 5.99 ಮೀಟರ್ ವ್ಯಾನಿಗೆ ಹಿಂದೆ ಅದನ್ನ ಸಿಗಿಸಿದ್ರೆ 6 ದಾಟೋಗತ್ತೆ. ನಮಗೆ ಬೇಕಾಗಿರ್ಲಿಲ್ಲ, ತೆಗೆಸಿಬಿಟ್ಟೇ ಹೊರಟ್ವಿ.