ಗಾಳಿ ಎಂಜಿನ್ ಕಟ್ಟಲು ತರಿಸಿದ ಬ್ಲಾಕ್ ಕಿಟ್: ಮೂರು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಎಂಜಿನ್ ಅಂತ ಯಾರೂ ಮಾರುವುದಿಲ್ಲ. ಪೆಟ್ಟಿಗೆಯ ಮೇಲೆ ಇರುವುದು ಮಣ್ಣು ಅಗೆಯುವ ಹಳದಿ ಯಂತ್ರದ ಚಿತ್ರ. ಒಳಗೆ ನಾಲ್ಕು ದೊಡ್ಡ ಸಿಲಿಂಡರ್, ಎರಡು ಕೈ ಪಂಪು, ನಾಲ್ಕು ವಾಲ್ವ್, ಒಂದು ಪುಟ್ಟ ಗಾಳಿ ಡಬ್ಬಿ, ಎರಡು ಮೀಟರ್ ಟ್ಯೂಬ್, ಮತ್ತೆ ಒಂದು ರಾಶಿ ಬ್ಲಾಕು, ಗಿಯರು, ಪಿನ್ನು. ಕಂಪನಿಯ ಹೆಸರು ಬರೆಯುವುದಿಲ್ಲ. ಲೆಗೊ ಅಲ್ಲ, ಅದರ ಅಳತೆಗೆ ಸರಿಯಾಗಿ ಕೂರುವ ಬೇರೆ ಮಾಲು. ಅಳತೆ ಅಂದರೆ ಒಂದು ತೂತಿನಿಂದ ಇನ್ನೊಂದು ತೂತಿಗೆ 8 ಮಿಮೀ. ಲೆಗೊದವರು ತಮ್ಮ ಟೆಕ್ನಿಕ್ ಸಾಲಿಗೆ ಗಾಳಿಯ ಭಾಗಗಳನ್ನು ಸೇರಿಸಿದ್ದು 1984ರಲ್ಲಿ, ಆಮೇಲೆ ಬಂದವರೆಲ್ಲ ಆ 8 ಮಿಮೀ ಲೆಕ್ಕವನ್ನೇ ಹಿಡಿದಿದ್ದಾರೆ.

ನಾನಿರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಡಿಕೆ ತೋಟ, ಸ್ವಲ್ಪ ತೆಂಗು. ಆಟಿ ತಿಂಗಳಲ್ಲಿ ಮದ್ದು ಬಿಡಲು ಮಳೆ ಬಿಡಬೇಕು, ಬಿಡದಿದ್ದರೆ ಚಾವಡಿಯಲ್ಲಿ ಕೂತಿರುವುದೇ ಕೆಲಸ. ಹಾಗೆ ಕೂತಿದ್ದಾಗ ತಂಗಿಯ ಮಗ ಮೊಬೈಲಿನಲ್ಲಿ ಒಂದು ಕಾರು ತೋರಿಸಿದ. 2013ರಲ್ಲಿ ಆಸ್ಟ್ರೇಲಿಯಾದ ಸ್ಟೀವ್ ಸಮ್ಮಾರ್ಟಿನೊ ಮತ್ತು ರೊಮೇನಿಯಾದ ರಾವುಲ್ ಒಯ್ಡಾ ಎಂಬಿಬ್ಬರು ಐದು ಲಕ್ಷಕ್ಕೂ ಜಾಸ್ತಿ ಲೆಗೊ ತುಂಡುಗಳಿಂದ ಕಟ್ಟಿದ ಕಾರು. ನಾಲ್ಕು ಎಂಜಿನ್, ಒಟ್ಟು 256 ಪಿಸ್ಟನ್, ಓಡುವುದು ಬರೀ ಗಾಳಿಯಿಂದ. ಗಂಟೆಗೆ 20ರಿಂದ 30 ಕಿಮೀ ವೇಗ. "ಮಾವ, ನಮಗೆ ಎರಡು ಪಿಸ್ಟನ್ನಿನದ್ದಾದರೂ ಆಗ್ಲಿಕ್ಕಿಲ್ವಾ?" ಅಂದ. ಆಗುತ್ತದೆ ಅಂದೆ. ಹಾಗೆ ಹೇಳಿದ ಬಾಯಿಗೆ ಅವತ್ತೇ 2,400 ರೂಪಾಯಿ ಖರ್ಚಾಯಿತು.

ಬ್ಲಾಕು, ಪಿನ್ನುಗಳ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಗಟ್ಟಿಯಾಗಿ ಕೂರುತ್ತವೆ, ಮೂರು ವರ್ಷದಲ್ಲಿ ಒಡೆದದ್ದು ನಾಲ್ಕೈದು. ಕೂಡುಗುರುತಿನ ಆಕಾರದ ಆಕ್ಸಲ್ ಮಾತ್ರ ಉದ್ದ ಇದ್ದಷ್ಟೂ ತಿರುಚಿಕೊಳ್ಳುತ್ತದೆ, ಆದ್ದರಿಂದ ಗಿಡ್ಡದ್ದನ್ನೇ ಹಾಕಿ. ಸಿಲಿಂಡರ್ ಕೂಡ ಒಳ್ಳೆಯದೇ. ಒಳಗಿನ ವ್ಯಾಸ ನಾನು ಅಳೆದದ್ದು ಸುಮಾರು 12 ಮಿಮೀ. ಹೊರಗಿನ ಗಾಳಿಗಿಂತ 2 ಬಾರ್ ಜಾಸ್ತಿ ಒತ್ತಡದಲ್ಲಿ (ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ಹೊರಗಿನ ಗಾಳಿಯ ಒತ್ತಡದಷ್ಟು) ಅದು ಎರಡೂಕಾಲು ಕೆಜಿಯಷ್ಟು ಭಾರ ತಳ್ಳುತ್ತದೆ. ಆಟಿಕೆಗೆ ಅದು ಕಮ್ಮಿಯಲ್ಲ, ಬೆರಳು ಮಧ್ಯೆ ಸಿಕ್ಕಿದರೆ ಗೊತ್ತಾಗುತ್ತದೆ.

ತೊಂದರೆ ಇರುವುದು ವಾಲ್ವಿನಲ್ಲಿ. ನನ್ನ ಮೂರು ವರ್ಷದ ತಲೆನೋವೆಲ್ಲ ಅಲ್ಲೇ.

ಇದು ಅರ್ಥವಾಗಬೇಕಾದರೆ ಎಂಜಿನ್ ಹೇಗೆ ತಿರುಗುತ್ತದೆ ಅಂತ ಗೊತ್ತಿರಬೇಕು. ಸಿಲಿಂಡರಿಗೆ ಎರಡು ಬಾಯಿ. ಒಂದಕ್ಕೆ ಗಾಳಿ ಕೊಟ್ಟರೆ ಪಿಸ್ಟನ್ ಹೊರಗೆ, ಇನ್ನೊಂದಕ್ಕೆ ಕೊಟ್ಟರೆ ಒಳಗೆ. ವಾಲ್ವಿನ ಹಿಡಿಯನ್ನು ಆಚೆ ಈಚೆ ಮಾಡಿದರೆ ಗಾಳಿಯ ದಾರಿ ಬದಲಾಗುತ್ತದೆ. ಆ ಹಿಡಿಯನ್ನು ನಾವು ಕೈಯಲ್ಲಿ ತಳ್ಳುವ ಬದಲು ಎಂಜಿನ್ನೇ ತಳ್ಳಬೇಕು, ಅಷ್ಟೇ ಇರುವುದು. ಒಂದೇ ಸಿಲಿಂಡರ್ ಇಟ್ಟರೆ ಪಿಸ್ಟನ್ ತುದಿಗೆ ಬಂದಾಗ ಕ್ರ್ಯಾಂಕ್ (ಪಿಸ್ಟನ್ನಿನ ಹಿಂದೆ ಮುಂದೆ ಓಟವನ್ನು ಸುತ್ತಾಗಿ ಮಾಡುವ ತೋಳು) ನೆಟ್ಟಗಾಗಿ ಅಲ್ಲೇ ನಿಂತುಬಿಡುತ್ತದೆ, ಬೀಸುವ ಕಲ್ಲಿನ ಗೂಟವನ್ನು ನಡುವಿನ ಕಡೆಗೇ ತಳ್ಳಿದರೆ ಕಲ್ಲು ತಿರುಗದ ಹಾಗೆ. ಅದಕ್ಕೆ ಎರಡು ಸಿಲಿಂಡರ್ ಬೇಕು, ಕ್ರ್ಯಾಂಕಿನಲ್ಲಿ ಒಂದಕ್ಕೊಂದು ಕಾಲು ಸುತ್ತು ವ್ಯತ್ಯಾಸ ಇರಬೇಕು. ಇನ್ನು ಚಂದದ ವಿಷಯ ಏನೆಂದರೆ, ಒಂದನೆಯ ಸಿಲಿಂಡರಿನ ವಾಲ್ವನ್ನು ತಳ್ಳುವುದು ಎರಡನೆಯ ಸಿಲಿಂಡರ್, ಎರಡನೆಯದರದ್ದನ್ನು ಒಂದನೆಯದು. ಒಂದು ತುದಿಯಲ್ಲಿ ನಿಂತಿರುವಾಗ ಇನ್ನೊಂದು ಸರಿಯಾಗಿ ನಡುವೆ ಇರುತ್ತದೆ, ಅತಿ ವೇಗದಲ್ಲಿ ಓಡುತ್ತಿರುತ್ತದೆ, ಹಾಗಾಗಿ ವಾಲ್ವ್ ಟಕ್ ಅಂತ ಬದಲಾಗಬೇಕಾದ ಹೊತ್ತಿಗೇ ಬದಲಾಗುತ್ತದೆ. ನೆರೆಮನೆಯ ಇಬ್ಬರು ಒಬ್ಬರ ಕೆಲಸ ಇನ್ನೊಬ್ಬರು ನೋಡಿಕೊಂಡ ಹಾಗೆ. ಮೊದಲ ಸಲ ಅದು ತಾನಾಗಿ ತಿರುಗಿದಾಗ ನಾನೂ ಅಳಿಯನೂ ಬೊಬ್ಬೆ ಹಾಕಿದ್ದೇವೆ, ಸುಳ್ಳಲ್ಲ. ಒಳಗಿನಿಂದ ಹೆಂಡತಿ ಓಡಿ ಬಂದಳು, ಹಾವು ಬಂತಾ ಅಂತ.

ಆದರೆ ಕಿಟ್‌ನಲ್ಲಿ ಬಂದ ವಾಲ್ವ್ ಇಂಥ ಕೆಲಸಕ್ಕೆ ಮಾಡಿದ್ದಲ್ಲ. ಅದರ ಹಿಡಿಗೆ ಮೂರು ಜಾಗ. ಆಚೆ, ಈಚೆ, ನಡುವೆ. ನಡುವೆ ಇದ್ದರೆ ಗಾಳಿ ಬಂದ್. ಅಗೆಯುವ ಯಂತ್ರದ ತೋಳು ಎತ್ತಿದಲ್ಲೇ ನಿಲ್ಲಬೇಕಾದರೆ ಅದು ಬೇಕು, ಎಂಜಿನ್ನಿಗೆ ಅದೇ ಶತ್ರು. ಒತ್ತಡ ಸ್ವಲ್ಪ ಇಳಿದರೆ ಹಿಡಿ ನಡುವೆ ಹೋಗಿ ಕೂರುತ್ತದೆ, ಎಂಜಿನ್ ಅಲ್ಲಿಗೇ ಸಾಯುತ್ತದೆ. ಅದರ ಮೇಲೆ ಬಿಗಿ ಬೇರೆ. ಎಂಜಿನ್ನಿನ ಶಕ್ತಿಯಲ್ಲಿ ಒಂದು ದೊಡ್ಡ ಪಾಲು ಆ ಹಿಡಿ ತಳ್ಳಲಿಕ್ಕೇ ಹೋಗುತ್ತದೆ. ನಾಲ್ಕು ವಾಲ್ವಿನಲ್ಲಿ ಎರಡು ಒಂದು ವರ್ಷಕ್ಕೆ ಸಡಿಲವಾಗಿ ಸೋರಲು ಶುರುವಾಯಿತು. ತಮಾಷೆ ಏನೆಂದರೆ ಸಡಿಲವಾದ ಮೇಲೆ ಸ್ವಲ್ಪ ದಿನ ಎಂಜಿನ್ ಇನ್ನೂ ಚೆನ್ನಾಗಿ ಓಡಿತು, ಹಿಡಿ ಹಗುರ ಆಯಿತಲ್ವಾ! ಆಮೇಲೆ ಸೋರಿಕೆ ಜಾಸ್ತಿಯಾಗಿ ನಿಂತಿತು.

ಗಾಳಿ ಎಲ್ಲಿಂದ ಅಂತ ಕೇಳಿದರೆ ಅದೂ ಒಂದು ಕತೆ. ಕೈ ಪಂಪಿನಿಂದ ಎಂಜಿನ್ ಓಡಿಸುವ ಆಸೆ ಬಿಟ್ಟುಬಿಡಿ. ಕ್ರ್ಯಾಂಕ್ ಎರಡು ತೂತು ದೂರ, ಅಂದರೆ 16 ಮಿಮೀ. ಪಿಸ್ಟನ್ ಓಡುವುದು 32 ಮಿಮೀ. ಒಂದು ಓಟಕ್ಕೆ ಸುಮಾರು 3.6 ಸಿಸಿ ಗಾಳಿ, ಎರಡು ಸಿಲಿಂಡರಿನ ನಾಲ್ಕು ಓಟ ಸೇರಿ ಒಂದು ಸುತ್ತಿಗೆ 14 ಸಿಸಿ ದಾಟುತ್ತದೆ. ಅದು ಒತ್ತಿದ ಗಾಳಿ. 2 ಬಾರ್‌ನಲ್ಲಿ ಅಷ್ಟು ತುಂಬಲು ಹೊರಗಿನ ಗಾಳಿ ಮೂರು ಪಟ್ಟು ಬೇಕು. ಎರಡು ಲೀಟರಿನ ಸೋಡಾ ಬಾಟಲಿಗೆ ಸೈಕಲ್ ವಾಲ್ವ್ ಕೂರಿಸಿ 2 ಬಾರ್ ತುಂಬಿಸಿದೆ. ಒತ್ತಡ 1 ಬಾರ್‌ಗೆ ಇಳಿಯುವವರೆಗೆ ಲೆಕ್ಕದಲ್ಲಿ 55 ಸುತ್ತು ಬರಬೇಕು. ಬಂದದ್ದು 40 ಚಿಲ್ಲರೆ. ಹದಿನೈದು ಸೆಕೆಂಡಿಗೆ ಮುಗಿಯಿತು. ಪಂಪು ಹೊಡೆದದ್ದು ಹತ್ತು ನಿಮಿಷ.

ಇಲ್ಲಿ ಒಂದು ಮಾತು, ದಯವಿಟ್ಟು ಗಮನ ಕೊಡಿ. ನಮ್ಮ ಕಡೆ ಪ್ರತಿ ಮನೆಯ ಹಿಂದೆಯೂ ತೋಟಕ್ಕೆ ನೀರು ಹಾಯಿಸಿ ಉಳಿದ ಪಿವಿಸಿ ಪೈಪಿನ ತುಂಡು ಬಿದ್ದಿರುತ್ತದೆ. ಎರಡೂ ತುದಿಗೆ ಮುಚ್ಚಳ ಅಂಟಿಸಿದರೆ ಒಳ್ಳೆ ಗಾಳಿ ಟ್ಯಾಂಕ್ ಆಗುತ್ತದಲ್ಲ ಅಂತ ನನಗೂ ಅನ್ನಿಸಿತ್ತು, ಭಾವ ಬೇರೆ "ಇದು 6 ಕೆಜಿ ಪೈಪು, ಎಂತ ಆಗುದಿಲ್ಲ" ಅಂದಿದ್ದರು. ಆ 6 ಕೆಜಿ ನೀರಿನ ಒತ್ತಡಕ್ಕೆ ಹೇಳಿದ್ದು. ನೀರು ಒತ್ತಿದರೆ ಕುಗ್ಗುವುದಿಲ್ಲ, ಪೈಪು ಬಿರುಕು ಬಿಟ್ಟರೆ ಚಿಮ್ಮಿ ಸುಮ್ಮನಾಗುತ್ತದೆ. ಗಾಳಿ ಸ್ಪ್ರಿಂಗಿನ ಹಾಗೆ ಕುಗ್ಗಿ ಕೂತಿರುತ್ತದೆ, ಬಿರುಕು ಬಿಟ್ಟರೆ ಪಿವಿಸಿ ಚೂರು ಚೂರಾಗಿ ಸಿಡಿಯುತ್ತದೆ. ಮಕ್ಕಳು ಹತ್ತಿರ ಇರುವ ಆಟ ಇದು. ಬೇಡ.

ಕೊನೆಗೆ ಸಿಕ್ಕಿದ ಉಪಾಯ ಜೀಪಿನ ಸ್ಟೆಪ್ನಿ! 30 ಪಿಎಸ್ಐ ಅಂದರೆ 2 ಬಾರ್ ಚಿಲ್ಲರೆ, ಸರಿಯಾಗಿ ನಮಗೆ ಬೇಕಾದಷ್ಟೇ. ಆ ಕೆಲಸಕ್ಕೇ ಮಾಡಿದ ಟಯರು, ಸಿಡಿಯುವ ಭಯ ಇಲ್ಲ. ಗಾಳಿ ಹಾಕುವ ಪೈಪಿನ ತಲೆಯನ್ನು ವಾಲ್ವಿಗೆ ಕಚ್ಚಿಸಿದರೆ ಒಳಗಿನ ಪಿನ್ ಒತ್ತಿ ಗಾಳಿ ವಾಪಸ್ ಬರುತ್ತದೆ. ಅಲ್ಲಿಂದ ಮಂಗಳೂರಿನಲ್ಲಿ ತಗೊಂಡ ಒಂದು ರೆಗ್ಯುಲೇಟರ್, ಅಲ್ಲಿಂದ ಎಂಜಿನ್. ಒಮ್ಮೆ ತುಂಬಿಸಿದರೆ ಐದು ನಿಮಿಷದ ಹತ್ತಿರ ಓಡುತ್ತದೆ. ಪಂಚರ್ ಅಂಗಡಿಯವನು ವಾರಕ್ಕೆ ಮೂರು ಸಲ ಅದೇ ಸ್ಟೆಪ್ನಿ ಹಿಡಿದುಕೊಂಡು ಬರುವ ನನ್ನನ್ನು ನೋಡಿ ಮಲಯಾಳದಲ್ಲಿ ಕೇಳಿದ, ಪಂಚರ್ ಎಲ್ಲಿ ಅಂತ ಹುಡುಕಿ ಕೊಡಲಾ, ಸುಮ್ನೆ ಯಾಕೆ ತುಂಬಿಸ್ತಾ ಇರ್ತೀರಿ? ನಾನು ತುಳುವಿನಲ್ಲಿ ವಿವರಿಸಿದೆ. ಅವನಿಗೆ ಅರ್ಥವಾದ ಹಾಗೆ ಕಾಣಲಿಲ್ಲ, ದುಡ್ಡು ಮಾತ್ರ ತಗೊಳ್ಳಲಿಲ್ಲ.

ಮಳೆಗಾಲದಲ್ಲಿ ಈ ಗಾಳಿಯ ಜೊತೆ ನೀರೂ ಬರುತ್ತದೆ. ವರ್ಷಕ್ಕೆ 3000 ಮಿಮೀಗಿಂತ ಜಾಸ್ತಿ ಮಳೆ ಬೀಳುವ ಊರು, ಗಾಳಿಯಲ್ಲೇ ಅರ್ಧ ನೀರು. ಅದನ್ನು ಒತ್ತಿದರೆ ಹಿಂಡಿದ ಬಟ್ಟೆಯ ಹಾಗೆ ನೀರು ಬಿಡುತ್ತದೆ. ಆ ನೀರು ಸಿಲಿಂಡರಿಗೆ ಹೋಗಿ ರಬ್ಬರಿನ ಅಂಚಿನ ಜಾರುಮದ್ದು ತೊಳೆದುಬಿಟ್ಟಿತು. ಪಿಸ್ಟನ್ ಕಿರ್ ಕಿರ್ ಅನ್ನತೊಡಗಿತು. ಮನೆಯಲ್ಲಿ ಇದ್ದದ್ದು ತೆಂಗಿನೆಣ್ಣೆ. ಎರಡು ತೊಟ್ಟು ಬಿಟ್ಟೆ. ಮಳೆಗಾಲ ಮುಗಿಯುವವರೆಗೂ ಬೆಣ್ಣೆಯ ಹಾಗೆ ಓಡಿತು. ಡಿಸೆಂಬರಿನ ಒಂದು ಬೆಳಿಗ್ಗೆ ನೋಡುತ್ತೇನೆ, ಎಂಜಿನ್ ಅಲ್ಲಾಡುವುದಿಲ್ಲ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ ಅಂತ ಸ್ನಾನಕ್ಕೆ ಹೋಗುವಾಗಲೆಲ್ಲ ಗೊತ್ತಾಗುತ್ತದೆ, ಎಂಜಿನ್ ಹತ್ತಿರ ಮಾತ್ರ ನೆನಪಾಗಲಿಲ್ಲ ನೋಡಿ. ಬಿಸಿಲಿಗೆ ಇಟ್ಟು ಕರಗಿಸಿ ಓಡಿಸಿದರೆ ಎರಡು ನಿಮಿಷಕ್ಕೆ ಮತ್ತೆ ಬಿಗಿ. ಅದಕ್ಕೆ ಕಾರಣ ಚಳಿಯಲ್ಲ, ಎಂಜಿನ್ನೇ. ಒತ್ತಿದ ಗಾಳಿ ಹಿಗ್ಗಿದಾಗ ತಣ್ಣಗಾಗುತ್ತದೆ, ವಾಲ್ವಿನ ಬಾಯಿ ಮುಟ್ಟಿದರೆ ತಂಪು ಗೊತ್ತಾಗುತ್ತದೆ. ಫ್ರಾನ್ಸಿನ ನಾಂಟ್ ಊರಿನಲ್ಲಿ 1879ರಿಂದ ಒತ್ತಿದ ಗಾಳಿಯ ಟ್ರಾಮು ಓಡುತ್ತಿತ್ತು. ಮೆಕಾರ್ಸ್ಕಿ ಎಂಬವರು ಮಾಡಿದ್ದು. ಅವರಿಗೂ ಇದೇ ಪಜೀತಿ, ಅದಕ್ಕೆ ಗಾಳಿಯನ್ನು ಬಿಸಿನೀರಿನೊಳಗಿಂದ ಹಾಯಿಸಿ ಎಂಜಿನ್ನಿಗೆ ಕೊಡುತ್ತಿದ್ದರು. ನಾನು ಬಚ್ಚಲ ಹಂಡೆಯಿಂದ ಪೈಪು ಎಳೆಯುವ ಯೋಚನೆ ಮಾಡಿದೆ, ಮನೆಯಲ್ಲಿ ಅನುಮತಿ ಸಿಗಲಿಲ್ಲ. ಈಗ ಸಿಲಿಕೋನ್ ಗ್ರೀಸ್ ಹಚ್ಚುತ್ತೇನೆ, ನೀರಿನ ಫಿಲ್ಟರಿನ ರಬ್ಬರ್ ರಿಂಗಿಗೆ ಹಚ್ಚುವಂಥದ್ದು. ಮೆಷಿನ್ ಎಣ್ಣೆ ಹಾಕಬೇಡಿ, ನನ್ನ ಒಂದು ಸಿಲಿಂಡರಿನ ರಬ್ಬರ್ ಅದರಲ್ಲೇ ಊದಿ ಹಾಳಾಯಿತು.

ವೇಗ ಅಳೆಯಲು ಮೀಟರ್ ಬೇಕಿಲ್ಲ. ಮೊಬೈಲಿನಲ್ಲಿ ಶಬ್ದ ರೆಕಾರ್ಡ್ ಮಾಡಿ. ಗಾಳಿ ಹೊರಗೆ ಬಿಡುವ ಪುಸ್ ಪುಸ್ ಎಣಿಸಿದರೆ ಸಾಕು. ಒಂದು ಸುತ್ತಿಗೆ ನಾಲ್ಕು ಪುಸ್. ಮೊದಲ ಎಂಜಿನ್ ಸೆಕೆಂಡಿಗೆ ಎಂಟು, ಅಂದರೆ ನಿಮಿಷಕ್ಕೆ 120 ಸುತ್ತು. ಟ್ಯೂಬ್ ಚಂದಕ್ಕೆ ಉದ್ದ ಬಿಟ್ಟಿದ್ದೆ. ಅದನ್ನು ಕತ್ತರಿಸಿ ಬೆರಳುದ್ದ ಮಾಡಿದ್ದಕ್ಕೇ ಹನ್ನೆರಡಕ್ಕೆ ಏರಿತು, 180 ಸುತ್ತು. ಉದ್ದ ಟ್ಯೂಬನ್ನು ಪ್ರತಿ ಸಲ ತುಂಬಿಸಿ ಖಾಲಿ ಮಾಡುವುದೂ ದಂಡವೇ ಅಲ್ವಾ. ಒತ್ತಡ 3 ಬಾರ್‌ಗೆ ಏರಿಸಿದರೂ ಇದಕ್ಕಿಂತ ಮೇಲೆ ಹೋಗಲಿಲ್ಲ, ಟ್ಯೂಬುಗಳೇ ಕಿತ್ತು ಹಾರಿದವು. ಒಳಗೆ ಬರುವ ಗಾಳಿಗಿಂತ ಹೊರಗೆ ಹೋಗುವ ಗಾಳಿಗೆ ದಾರಿ ಸಾಲದು. ಅದೂ ವಾಲ್ವಿನ ಸಣ್ಣ ತೂತಿನಿಂದಲೇ.

ಕಳೆದ ವರ್ಷ ಅಳಿಯ ಇದನ್ನು ಉಪಜಿಲ್ಲಾ ಶಾಸ್ತ್ರೋತ್ಸವಕ್ಕೆ, ಅಂದರೆ ಶಾಲೆಗಳ ವಿಜ್ಞಾನ ಮೇಳಕ್ಕೆ, ತಗೊಂಡು ಹೋದ. ಸ್ಟೆಪ್ನಿ ಸಮೇತ, ಆಟೋದಲ್ಲಿ. ಮನೆಯಲ್ಲಿ ಇಪ್ಪತ್ತು ಸಲ ಓಡಿದ ಎಂಜಿನ್ ತೀರ್ಪುಗಾರರ ಎದುರು ಒಂದೂವರೆ ಸುತ್ತು ತಿರುಗಿ ನಿಂತಿತು. ವಾಲ್ವಿನ ಹಿಡಿ ನಡುವೆ. ಹುಡುಗ ಬೆರಳಿನಲ್ಲಿ ತಳ್ಳಿದ, ಮತ್ತೆ ಓಡಿತು, ಆದರೆ "ತಾನಾಗಿ ಓಡುವ ಎಂಜಿನ್" ಅಂತ ಚಾರ್ಟಿನಲ್ಲಿ ಬರೆದಿದ್ದನಲ್ಲ. ಬಿ ಗ್ರೇಡ್. ಆಟೋದಲ್ಲಿ ವಾಪಸ್ ಬರುವಾಗ ಮಾತಿಲ್ಲ. ಕುಂಬಳೆ ದಾಟಿದ ಮೇಲೆ ಹೇಳಿದ, "ಮಾವ, ವಾಲ್ವೇ ಬೇಡ."

ಹಾಗೆ ಹುಟ್ಟಿದ್ದು ಈಗಿನ ಎಂಜಿನ್. ವಾಲ್ವಿನ ಬದಲು ಮೆತ್ತಗಿನ ಸಿಲಿಕೋನ್ ಟ್ಯೂಬನ್ನೇ ಬ್ಲಾಕಿನ ತೋಳಿನಿಂದ ಅದುಮುವುದು. ಅದುಮಿದರೆ ಗಾಳಿ ಬಂದ್, ಬಿಟ್ಟರೆ ದಾರಿ. ಗಾರ್ಡನ್ ಪೈಪ್ ಮಡಚಿ ನೀರು ನಿಲ್ಲಿಸುತ್ತೇವಲ್ಲ, ಅದೇ. ಸಿಲಿಂಡರಿನ ಒಂದು ಬಾಯಿ ಮಾತ್ರ ಬಳಸಿ, ಇನ್ನೊಂದನ್ನು ತೆರೆದು ಬಿಟ್ಟೆವು, ಇಲ್ಲದಿದ್ದರೆ ಟ್ಯೂಬಿನ ಜಡೆ ಹೆಣೆಯಬೇಕಾಗುತ್ತದೆ. ಈಗ ಸುತ್ತಿಗೆ ಎರಡೇ ಪುಸ್, ಆದರೆ ಸೆಕೆಂಡಿಗೆ ಹದಿನೈದು. 450 ಸುತ್ತು! ಫ್ಲೈವೀಲಿಗೆ, ಅಂದರೆ ಓಟ ನಡುವೆ ನಿಲ್ಲದ ಹಾಗೆ ತಿರುಗಿಸುತ್ತಲೇ ಇರುವ ಭಾರದ ಚಕ್ರಕ್ಕೆ, ಹಳೆ ನೀರಿನ ಪಂಪಿನ ಬೇರಿಂಗ್ ಕಟ್ಟಿದ್ದೇವೆ. ಶುರು ಮಾಡಲು ಕೈಯಲ್ಲಿ ಒಮ್ಮೆ ತಿರುಗಿಸಬೇಕು, ಅದು ಚಾರ್ಟಿನಲ್ಲಿ ಈ ಸಲ ಬರೆದಿದ್ದಾನೆ. ಅದುಮುವ ಜಾಗದಲ್ಲಿ ಟ್ಯೂಬ್ ಮೂರು ನಾಲ್ಕು ವಾರಕ್ಕೆ ಸೀಳುತ್ತದೆ. ಎರಡು ಇಂಚು ಟ್ಯೂಬು ಬದಲಾಯಿಸುವುದು ದೊಡ್ಡದಲ್ಲ. ಮೀನಿನ ತೊಟ್ಟಿಯ ಟ್ಯೂಬ್ ಸಡಿಲ, ದಾರ ಸುತ್ತಬೇಕು, ಅದರ ಬದಲು ಸರಿ ಅಳತೆಯದ್ದನ್ನೇ ಐದು ಮೀಟರ್ ಒಟ್ಟಿಗೆ ತರಿಸಿಕೊಳ್ಳಿ.

ಹಾಗಾದರೆ ಕಿಟ್ ತಗೊಳ್ಳಬಹುದಾ? ಅಗೆಯುವ ಯಂತ್ರ ಕಟ್ಟಲಿಕ್ಕಾದರೆ ಕಣ್ಣು ಮುಚ್ಚಿ ತಗೊಳ್ಳಿ, ವಾಲ್ವ್ ಆ ಕೆಲಸಕ್ಕೆ ಸರಿಯಾಗಿದೆ. ಎಂಜಿನ್ನಿಗಾದರೆ ಇಡೀ ಪೆಟ್ಟಿಗೆ ಬೇಡ, ಸಿಲಿಂಡರ್ ಮತ್ತು ಟ್ಯೂಬ್ ಬಿಡಿಯಾಗಿ ಸಿಗುತ್ತವೆ, ಬ್ಲಾಕು ಮಕ್ಕಳಿರುವ ಯಾವ ಮನೆಯಲ್ಲೂ ಸಿಗುತ್ತವೆ. ನನ್ನ ಕಡೆಯಿಂದ ಐದರಲ್ಲಿ ಮೂರೂವರೆ. ಕಳೆದ ಒಂದೂವರೆಯಲ್ಲಿ ಅರ್ಧ ವಾಲ್ವಿಗೆ, ಉಳಿದ ಒಂದು ಅಂಕ ಎಂಜಿನ್ ಬಗ್ಗೆ ಒಂದು ಪುಟವೂ ಇಲ್ಲದ ಪುಸ್ತಕಕ್ಕೆ.

ನಿನ್ನೆ ಜೀಪು ಪೆರ್ಲದ ಹತ್ತಿರ ಪಂಚರ್ ಆಯಿತು. ಸ್ಟೆಪ್ನಿ ತೆಗೆದು ನೋಡಿದರೆ ಗಾಳಿ ಇಲ್ಲ. ಅಳಿಯನಿಗೆ ಫೋನ್ ಮಾಡಿದೆ. "ಬೆಳಿಗ್ಗೆ ಒಂದು ಟೆಸ್ಟ್ ಉಂಟಿತ್ತು ಮಾವ" ಅಂದ.